ಅಮ್ಮ ಸಾಕು ಅಂದಳು

ಮೂರನೆಯ ಚಮಚ ಬಾಯಿಗೆ ಹೋಗುವ ಹೊತ್ತಿಗೆ ದೊಡ್ಡಕ್ಕ "ಸಾಕು" ಅಂದಳು.

ಹೊಟ್ಟೆ ತುಂಬಿತು ಅಂದಳೋ, ತಂಗಿಯನ್ನು ಕರೆದಳೋ, ಅವಳೇ ಹೇಳಬೇಕು. ಹೇಳೋಣವೆಂದರೆ ಅವಳಿಗೆ ಮಾತಿಲ್ಲ. ಪಾರ್ಶ್ವವಾಯು ಬಡಿದಾಗ ಬಲಗೈ, ಬಲಗಾಲಿನ ಜೊತೆಗೆ ಬಾಯೊಳಗಿನ ಮಾತುಗಳೂ ಮುಕ್ಕಾಲುಪಾಲು ಹೋಗಿದ್ದವು. ನೀರು, ಕಿಟಕಿ, ಅಮ್ಮ, ನೋವು ಎನ್ನುವಂಥ ಬಿಡಿ ಪದಗಳು ಮಾತ್ರ ಉಳಿದಿದ್ದವು. ಅವುಗಳಲ್ಲಿ ತೊದಲದೆ, ಹಳೆಯ ದನಿಯಲ್ಲೇ ಬರುತ್ತಿದ್ದುದು ಒಂದೇ ಒಂದು, "ಸಾಕು". ಮಂಚದ ಅಂಚಿನಲ್ಲಿ ಗಂಜಿಯ ಬಟ್ಟಲು ಹಿಡಿದು ಕೂತಿದ್ದ ತಂಗಿಯ ಹೆಸರೂ ಅದೇ.

"ಕರೆದ್ಯೋ, ಬೇಡ ಅಂದ್ಯೋ?" ಎಂದು ಸಾಕು ಕೇಳಿದಳು. ದಿನಾ ಕೇಳುವ ಪ್ರಶ್ನೆ. ಅಕ್ಕ ದಿನಾ ಮಾಡುವಂತೆ ಅವಳನ್ನೇ ನೋಡುತ್ತ ಮಲಗಿದ್ದಳು. ಚಮಚ ಒಂದು ಗಳಿಗೆ ಗಾಳಿಯಲ್ಲಿ ನಿಂತು, ಮತ್ತೆ ಬಟ್ಟಲಿಗೆ ಇಳಿಯಿತು.

ಆ ಮನೆಯಲ್ಲಿ ಈ ತಾಪತ್ರಯ ಇವತ್ತು ನಿನ್ನೆಯದಲ್ಲ. ಚಿಕ್ಕಂದಿನಲ್ಲಿ ಊಟಕ್ಕೆ ಕೂತ ಯಾರಾದರೂ ಬಡಿಸುವವರಿಗೆ "ಸಾಕು, ಸಾಕು" ಅಂದರೆ ಈ ಹುಡುಗಿ ಆಟ ಬಿಟ್ಟು ಓಡಿಬಂದು ಬಾಗಿಲಲ್ಲಿ ನಿಲ್ಲುತ್ತಿದ್ದಳು. "ನಿನ್ನನ್ನಲ್ಲ ಕಣೇ, ಅನ್ನ ಸಾಕು ಅಂದೆ" ಎಂದು ಎಲ್ಲರೂ ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಸ್ವಲ್ಪ ದೊಡ್ಡವಳಾದ ಮೇಲೆ ಓಡಿಬರುವುದನ್ನು ಬಿಟ್ಟಳು. ಆಮೇಲೆ ನಿಜವಾಗಿ ಕರೆದರೂ ಬರುವುದಿಲ್ಲ ಎಂದು ಬೈಸಿಕೊಂಡಳು. ಹೀಗೆ ಬಂದರೂ ತಪ್ಪು, ಬರದಿದ್ದರೂ ತಪ್ಪು ಅನ್ನಿಸುವ ಹೆಸರು ಹೊತ್ತುಕೊಂಡು ಅವಳು ಈಗ ಅರವತ್ತರ ಹತ್ತಿರ ಬಂದಿದ್ದಳು.

ಬೆಳಿಗ್ಗೆ ಎದ್ದು ಅಕ್ಕನನ್ನು ಮಗ್ಗುಲು ಬದಲಿಸಿ, ಒದ್ದೆಯಾದ ಹಾಸು ತೆಗೆದು, ಮೈ ಒರೆಸಿ, ಬೆನ್ನಿಗೆ ಪೌಡರ್ ಹಾಕಿ, ಗಂಜಿ ಕುಡಿಸುವಷ್ಟರಲ್ಲಿ ಅವಳ ದಿನದ ಶಕ್ತಿಯೆಲ್ಲ ಅಲ್ಲೇ ಮುಗಿದಿರುತ್ತಿತ್ತು. ಅದಾದ ಮೇಲೆ ಎದುರು ಮನೆಯ ಟೈಲರಮ್ಮ ತನ್ನ ಹೊಲಿಗೆ ಎತ್ತಿಕೊಂಡು ಬಂದು ಅಕ್ಕನ ಹತ್ತಿರ ಕೂರುವಳು, ಸಾಕು ಕೆಲಸಕ್ಕೆ ಓಡುವಳು. ಟೈಲರಮ್ಮ ಒಳ್ಳೆಯವಳು, ಆದರೆ ಅವಳ ಬಾಯಿಗೆ ಬೀಗವಿಲ್ಲ. "ಏನಮ್ಮಾ, ಮುಖ ಹೀಗೆ ಬತ್ತಿ ಹೋಗಿದೆ?" ಎಂದು ಬಾಗಿಲಲ್ಲೇ ಕೇಳುತ್ತಾಳೆ.

"ಸಾಕಾಗಿದೆ," ಎನ್ನುತ್ತಾಳೆ ಸಾಕು.

"ನಿನ್ನ ಹೆಸರೇ ಹಾಗಿದ್ರೆ ಇನ್ನೇನಾಗತ್ತೆ?" ಎಂದು ಟೈಲರಮ್ಮ ದಾರ ಕಡಿಯುತ್ತ ನಗುತ್ತಾಳೆ. ತಮಾಷೆಗೆ ಅಂದದ್ದು. ತಮಾಷೆಗೆ ಅಂದದ್ದೇ ತಾನೆ ಮನಸ್ಸಿಗೆ ನಾಟುವುದು.

ಅವಳು ಕೆಲಸ ಮಾಡುವ ಅಂಗಡಿ ಇದ್ದದ್ದು ರೈಲು ನಿಲ್ದಾಣದ ಕೆಳಗಿನ ಸುರಂಗದಾರಿಯಲ್ಲಿ. ಒಂದು ಕಡೆ ಬೀಗದ ಕೈ ಮಾಡಿಕೊಡುವವನು, ಇನ್ನೊಂದು ಕಡೆ ಛತ್ರಿ ರಿಪೇರಿಯವನು, ನಡುವೆ ಈ ಟೀ ಕಪ್ಪುಗಳ ಅಂಗಡಿ. ಹಗಲೆಲ್ಲ ಟ್ಯೂಬ್‌ಲೈಟು. ಮೇಲೆ ರೈಲು ಹೋದಾಗಲೆಲ್ಲ ಕಪಾಟಿನಲ್ಲಿಟ್ಟ ಕಪ್ಪುಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡುತ್ತವೆ. ಪ್ರತಿ ಕಪ್ಪಿನ ಮೇಲೂ ಒಂದು ಹೆಸರು, ಅದರ ಕೆಳಗೆ ಅರ್ಥ, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಮೂಲ. ಐರಿನ್, ಶಾಂತಿ, ಗ್ರೀಕ್ ಮೂಲ. ಆಯೆಷಾ, ಬದುಕುವವಳು, ಅರಬ್ಬಿ ಮೂಲ. ಸಾರಾ, ರಾಜಕುಮಾರಿ, ಹೀಬ್ರೂ ಮೂಲ. ಊರೂರಿನ ಪ್ರಯಾಣಿಕರು ಓಡಾಡುವ ಜಾಗ, ರೈಲು ತಡವಾದರೆ ಜನಕ್ಕೆ ಮಾಡಲು ಬೇರೆ ಕೆಲಸವಿಲ್ಲ. ಬಂದು ತಮ್ಮ ಹೆಸರು ಹುಡುಕುತ್ತಾರೆ. ಕಪಾಟಿನಲ್ಲಿ ಸಿಗದಿದ್ದರೆ ಸಾಕು ಅಲ್ಲೇ ಮಾಡಿಕೊಡುತ್ತಾಳೆ.

ಮಾಡುವುದೇನೂ ದೊಡ್ಡ ವಿದ್ಯೆಯಲ್ಲ. ಹೆಸರನ್ನು ಕಂಪ್ಯೂಟರಿನಲ್ಲಿ ಹೊಡೆದು, ಕನ್ನಡಿಯಲ್ಲಿ ಕಂಡ ಹಾಗೆ ತಿರುಗಾಮುರುಗಾ ಮುದ್ರಿಸಿ, ಆ ಕಾಗದವನ್ನು ಬಿಳಿ ಕಪ್ಪಿಗೆ ಸುತ್ತಿ, ಟೇಪು ಬಿಗಿದು, ಬಿಸಿ ಪ್ರೆಸ್ಸಿನ ಬಾಯಿಗೆ ಕೊಡಬೇಕು. ಅದು ಕೀಂ ಅಂದ ಮೇಲೆ ತೆಗೆದು, ಸುಡುವ ಕಾಗದವನ್ನು ಉಗುರಿನ ತುದಿಯಿಂದ ಸುಲಿಯಬೇಕು. ಅಷ್ಟೇ. ಆದರೆ ನಿಂತೇ ಮಾಡಬೇಕು. ಸಂಜೆಯ ಹೊತ್ತಿಗೆ ಕಾಲು ಎರಡೂ ಯಾರದೋ ಅನ್ನಿಸುತ್ತದೆ.

ವಿದ್ಯೆ ಇದ್ದದ್ದು ಇನ್ನೊಂದು ಕಡೆ. ಲೋಕದ ಹೆಸರುಗಳಿಗೆಲ್ಲ ಅಂಗಡಿಯಲ್ಲಿ ಮಾರುವಂಥ ಅರ್ಥ ಇರುವುದಿಲ್ಲ. ಕ್ಲಾಡಿಯಾ ಅಂದರೆ ಕುಂಟಿ. ಸಿಸಿಲಿಯಾ ಅಂದರೆ ಕುರುಡು ಎನ್ನುವ ಮಾತಿನಿಂದ ಬಂದದ್ದು. ಡೊಲೊರೆಸ್ ಅಂದರೆ ದುಃಖಗಳು, ಒಂದಲ್ಲ, ಬಹುವಚನ. ಬಾರ್ಬರಾ ಅಂದರೆ ಪರದೇಶಿ. ರೈಲು ತಪ್ಪಿಸಿಕೊಂಡು ಪೆಟ್ಟಿಗೆಯ ಮೇಲೆ ಕೂತ ಹೆಂಗಸಿಗೆ "ನೀನು ಪರದೇಶಿ" ಎಂದು ಬರೆದ ಕಪ್ಪು ಕೊಟ್ಟರೆ ಅವಳು ಅದನ್ನು ಕೊಂಡುಕೊಳ್ಳುತ್ತಾಳೋ, ತಲೆಗೆ ಎಸೆಯುತ್ತಾಳೋ? ಅದಕ್ಕೇ ಯಜಮಾನ, "ಸ್ವಲ್ಪ ಪಾಲಿಶ್ ಮಾಡಿ ಮೇಡಂ" ಎನ್ನುತ್ತಿದ್ದ. ಆತ ಇವಳಿಗಿಂತ ತುಂಬ ಚಿಕ್ಕವನು. ಸದಾ ಹಸನ್ಮುಖಿ, ಯಾರ ಮನಸ್ಸನ್ನೂ ನೋಯಿಸಲಾರದ ಮನುಷ್ಯ. ಆ ಗುಣವನ್ನೇ ವ್ಯಾಪಾರ ಮಾಡಿಕೊಂಡಿದ್ದ.

ಪಾಲಿಶ್ ಮಾಡುವುದರಲ್ಲಿ ಸಾಕು ಎತ್ತಿದ ಕೈ. ಕುಂಟಿಯನ್ನು "ತಾಳ್ಮೆಯಿಂದ ನಡೆಯುವವಳು" ಮಾಡಿದಳು. ಕುರುಡನ್ನು "ಒಳಗಣ್ಣಿನಿಂದ ನೋಡುವವಳು" ಮಾಡಿದಳು. ದುಃಖಗಳಿಗೆ "ಆಳವಾದ ಮನಸ್ಸಿನವಳು", ಪರದೇಶಿಗೆ "ಲೋಕ ಸುತ್ತುವವಳು". ಲೇಯಾ ಅನ್ನುವ ಹೀಬ್ರೂ ಹೆಸರಿಗೆ ದಣಿದವಳು ಎಂಬ ಅರ್ಥ ಇದೆ ಎಂದು ಮೊದಲ ಸಲ ಓದಿದಾಗ ಅವಳು ಕೈಯಲ್ಲಿದ್ದ ಕಪ್ಪು ಕೆಳಗಿಟ್ಟು ನಕ್ಕಿದ್ದಳು. ಯಾವ ಕಾಲದ, ಯಾವ ದೇಶದ ತಾಯಿಯೋ, ಹುಟ್ಟಿದ ಕೂಸನ್ನು ನೋಡಿ ದಣಿದವಳೇ ಅಂದಿದ್ದಳಲ್ಲ. ಆ ಹೆಸರಿಗೆ "ಮೃದು ಸ್ವಭಾವದವಳು" ಎಂದು ಹಾಕಿ ಪ್ರೆಸ್ಸಿಗೆ ಕೊಟ್ಟಳು.

ಒಮ್ಮೆ ಮಾತ್ರ ಒಬ್ಬಳು ಅವಳ ಪಾಲಿಶ್ ಅನ್ನು ಒಪ್ಪಲಿಲ್ಲ. ಬೆನ್ನಿಗೆ ಚೀಲ ಹಾಕಿದ ಹುಡುಗಿ, ಯೂಕಿ ಎಂದು ಹೆಸರು ಹೇಳಿದಳು. ಕಂಪ್ಯೂಟರಿನ ಪಟ್ಟಿಯಲ್ಲಿ "ಸಂತೋಷ, ಜಪಾನಿ ಮೂಲ" ಎಂದಿತ್ತು. ಸಾಕು ಹಾಗೇ ಮಾಡಿಕೊಟ್ಟಳು. ಹುಡುಗಿ ಕಪ್ಪನ್ನು ತಿರುಗಿಸಿ ನೋಡಿ, "ಇದು ನಾನಲ್ಲ, ನಾನು ಹಿಮ" ಅಂದಳು.

"ಇಲ್ಲಿ ಸಂತೋಷ ಅಂತ ಇದೆಯಲ್ಲಮ್ಮ."

"ಎರಡೂ ಹೌದು. ಕೇಳೋಕೆ ಒಂದೇ ಥರ, ಬರೆಯೋದು ಬೇರೆ. ಬಾಯಲ್ಲಿ ಹೇಳಿದ್ರೆ ಗೊತ್ತಾಗಲ್ಲ, ಹೆಸರಿಟ್ಟವರನ್ನೇ ಕೇಳ್ಬೇಕು. ನಮ್ಮಜ್ಜಿ ಇಟ್ಟಿದ್ದು, ಆವತ್ತು ಹಿಮ ಬೀಳ್ತಾ ಇತ್ತಂತೆ."

ಸಂತೋಷ ಬೇಡವೆಂದು ಹಿಮ ಕೇಳುವ ಗಿರಾಕಿಯನ್ನು ಸಾಕು ಮೊದಲ ಸಲ ನೋಡಿದ್ದಳು. ಇನ್ನೊಂದು ಕಪ್ಪು ಮಾಡಿಕೊಟ್ಟಳು. ಸಂತೋಷದ ಕಪ್ಪು ಬಹಳ ದಿನ ಕಪಾಟಿನಲ್ಲಿ ಉಳಿಯಿತು. ಕೊನೆಗೆ ಛತ್ರಿಯವನು ಹಲ್ಲುಜ್ಜುವ ಬ್ರಷ್ ಇಡುವುದಕ್ಕೆಂದು ಕೇಳಿ ತೆಗೆದುಕೊಂಡು ಹೋದ.

ಹೀಗೆ ಊರವರ ಹೆಸರಿಗೆಲ್ಲ ಸಕ್ಕರೆ ಹಾಕಿ ಕೊಡುತ್ತಿದ್ದವಳು ಅಂಗಡಿಯಲ್ಲಿ ತನ್ನ ಹೆಸರನ್ನು ಯಾರಿಗೂ ಹೇಳುತ್ತಿರಲಿಲ್ಲ. ಯಜಮಾನನಿಗೆ ಅವಳು ಮೇಡಂ, ಬೀಗದವನಿಗೆ ಅಕ್ಕ, ಗಿರಾಕಿಗಳಿಗೆ "ಏನ್ರೀ, ಸ್ವಲ್ಪ ಇಲ್ಲಿ." ಇದರಿಂದ ಅವಳಿಗೆ ಹಾಯಾಗಿತ್ತು.

ಆ ಹಾಯಿಗೆ ಕಲ್ಲು ಬಿದ್ದದ್ದು ಒಂದು ಗುರುವಾರ. ಯಜಮಾನ ಹೊಳೆಯುವ ಬ್ಯಾಡ್ಜುಗಳ ಡಬ್ಬಿ ತಂದು ಮೇಜಿನ ಮೇಲಿಟ್ಟ. "ಮೇಡಂ, ಸೋಮವಾರದಿಂದ ನಾವೂ ಹಾಕ್ಕೊಳ್ಳೋಣ. ಹೆಸರು, ಅರ್ಥ, ಮೂಲ. ನಮ್ಮ ಎದೆ ಮೇಲೆ ನೋಡಿದ್ರೆ ಜನಕ್ಕೂ ಕೇಳ್ಬೇಕು ಅನ್ಸತ್ತೆ. ನಂದು ಆಗ್ಲೇ ಮಾಡ್ಕೊಂಡಿದೀನಿ." ಅವನ ಎದೆಯ ಮೇಲೆ ಏನೋ ವಿಜಯದ ಅರ್ಥದ ಹೆಸರು ಮಿಂಚುತ್ತಿತ್ತು. "ನಿಮ್ಮ ಹೆಸರು ಸಂಬಳದ ಕಾಗದದಲ್ಲಿ ನೋಡ್ದೆ. ಸಾಕು. ಚೆನ್ನಾಗಿದೆ, ಪುಟ್ಟದಾಗಿದೆ. ಅರ್ಥಕ್ಕೆ ಏನು ಹಾಕೋಣ, ತೃಪ್ತಿ ಅಂತ ಹಾಕಿಬಿಡೋಣ್ವಾ? ಸಾಕು ಅನ್ನೋನಿಗಿಂತ ತೃಪ್ತ ಬೇರೆ ಯಾರಿದಾನೆ?"

ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ಇವಳಿಗೆ ಮಾತ್ರ ಕೆನ್ನೆಗೆ ಹೊಡೆದ ಹಾಗಾಯಿತು. ತಾನು ಇಷ್ಟು ವರ್ಷ ಕುಂಟಿಯರಿಗೆ, ಕುರುಡಿಯರಿಗೆ ಬಳಿದ ಪಾಲಿಶ್ ಈಗ ತನ್ನ ಮುಖಕ್ಕೇ ಬಂದಿತ್ತು. ಬಳಿಸಿಕೊಳ್ಳುವಾಗ ಹೇಗಿರುತ್ತದೆ ಎಂದು ಅವಳಿಗೆ ಅವತ್ತೇ ಗೊತ್ತಾದದ್ದು.

"ಅದು ತೃಪ್ತಿ ಅಲ್ಲ ಸಾರ್," ಅಂದಳು.

"ಮತ್ತೆ?"

"ನಾನು ಬೇರೆ ಹೆಸರು ಹಾಕ್ಕೋತೀನಿ. ಸೋಮವಾರದ ಹೊತ್ತಿಗೆ ಆರಿಸ್ತೀನಿ."

ಯಜಮಾನ ಮುಖ ನೋಡಿದ, ಇನ್ನೇನೂ ಕೇಳಲಿಲ್ಲ. ನೋಯಿಸಲಾರದ ಮನುಷ್ಯ ಎಂದು ಹೇಳಿದೆನಲ್ಲ.

ಹೆಸರಿನ ಕತೆಯನ್ನು ಅವಳಿಗೆ ಹೇಳಿದವಳು ಸೋದರತ್ತೆ. ಈಗ ಆಕೆ ಇಲ್ಲ. ಇದ್ದಾಗ ಮನೆಗೆ ಯಾರೇ ಹೊಸಬರು ಬಂದರೂ ಅದನ್ನು ಒಂದೇ ರಾಗದಲ್ಲಿ ಹೇಳುತ್ತಿದ್ದಳು. "ನಾಲ್ಕನೇದೂ ಹೆಣ್ಣು. ನಾನು ಬಾಗಿಲಲ್ಲಿ ನಿಂತಿದ್ದೆ. ಇವರಮ್ಮ ಕೂಸಿನ ಮುಖ ನೋಡಿದ್ಲು, ಸಾಕು ಅಂದ್ಲು, ಕಣ್ಣು ಮುಚ್ಚಿದ್ಲು. ಹೋಗುವವಳ ಕೊನೇ ಮಾತು, ಅದನ್ನೇ ಹೆಸರಿಡಿ ಅಂತ ನಾನೇ ಹೇಳಿದ್ದು." ಕೇಳಿದವರು ಲೊಚಗುಟ್ಟುತ್ತಿದ್ದರು. ಲೊಚಗುಟ್ಟಿದ್ದು ಯಾರಿಗೆಂದು ಹುಡುಗಿಗೆ ಆಗ ತಿಳಿಯುತ್ತಿರಲಿಲ್ಲ.

ತಿಳಿದದ್ದು ಶಾಲೆಯಲ್ಲಿ. ಮೇಷ್ಟ್ರು ಒಬ್ಬೊಬ್ಬರನ್ನೇ ಎಬ್ಬಿಸಿ ಹೆಸರಿನ ಅರ್ಥ ಕೇಳಿದರು. ಒಬ್ಬಳು ನಕ್ಷತ್ರ, ಒಬ್ಬಳು ಹೂವು, ಒಬ್ಬಳು ಬೆಳಕು. ಇವಳು ಎದ್ದು ನಿಂತು ನೆಲ ನೋಡಿದಳು. ಪಕ್ಕದಲ್ಲಿ ಕೂತ ಗೆಳತಿಯೇ ಹೇಳಿದಳು, "ಸಾಕು ಅಂದ್ರೆ ಇನ್ನು ಬೇಡ ಅಂತ, ಸಾರ್." ಇಡೀ ತರಗತಿ ನಕ್ಕಿತು, ಪಾಪ, ಮೇಷ್ಟ್ರಿಗೂ ನಗು ತಡೆಯಲಾಗಲಿಲ್ಲ.

ಅವತ್ತು ಮನೆಗೆ ಬಂದು ದೊಡ್ಡಕ್ಕನನ್ನು ಕೇಳಿದ್ದಳು. ದೊಡ್ಡಕ್ಕ ಅಂದರೆ ಆ ಮನೆಯಲ್ಲಿ ಅಮ್ಮನ ಹಾಗೆಯೇ. ತಾಯಿ ಹೋದಾಗ ಅವಳೂ ಇನ್ನೂ ಲಂಗದ ಹುಡುಗಿ. ಶಾಲೆ ಬಿಟ್ಟು, ಹಾಲಿನ ಬಾಟಲಿ ಹಿಡಿದವಳು ಮತ್ತೆ ಪುಸ್ತಕ ಹಿಡಿಯಲಿಲ್ಲ. ಅಪ್ಪನಿಗೆ ಕೆಲಸದ ಮೇಲೆ ಊರೂರು ಅಲೆಯುವುದಿತ್ತು. ನಡುವಿನ ಇಬ್ಬರು ಅಕ್ಕಂದಿರು ಒಬ್ಬೊಬ್ಬರಾಗಿ ಮದುವೆಯಾಗಿ ಹೋದರು. ದೊಡ್ಡಕ್ಕ ಮಾತ್ರ ಬಂದ ಗಂಡುಗಳನ್ನೆಲ್ಲ ಮೂಗು ಉದ್ದ, ಮಾತು ಜಾಸ್ತಿ ಎಂದು ಏನೋ ನೆಪ ತೆಗೆದು ಹಿಂದಕ್ಕೆ ಕಳಿಸಿದಳು. ಒಬ್ಬನಿಗೆ ಯಾವ ಊನವೂ ಸಿಗದೆ, "ತೀರಾ ಒಳ್ಳೆಯವನ ಹಾಗೆ ಕಾಣ್ತಾನೆ, ನಂಬಬಾರದು" ಅಂದುಬಿಟ್ಟಿದ್ದಳು.

ಆ ಸಂಜೆ ಅವಳು ಬೀದಿಯವರ ಬಟ್ಟೆಗೆ ಇಸ್ತ್ರಿ ಹಾಕುತ್ತ ನಿಂತಿದ್ದಳು. "ಅಕ್ಕಾ, ಅಮ್ಮ ಸಾಕು ಅಂದಿದ್ದು ನಿಜಾನಾ?" ಎಂದು ಸಾಕು ಕೇಳಿದಳು.

"ನಿಜಾನೇ," ಎಂದಳು ಅಕ್ಕ. ಇಸ್ತ್ರಿಪೆಟ್ಟಿಗೆ ಎತ್ತಿ ನಿಲ್ಲಿಸಿದಳು. "ನನ್ನ ಕಿವಿಯಾರೆ ಕೇಳಿದೀನಿ. ನನ್ನ ಕೈ ಹಿಡ್ಕೊಂಡೇ ಅಂದಿದ್ದು." ಅವಳ ಮುಖದಲ್ಲಿ ಒಂದು ಬಗೆಯ ಹೆಮ್ಮೆ ಇತ್ತು. ತಾಯಿ ತನ್ನನ್ನು ಬೇಡವೆಂದದ್ದನ್ನು ಅಕ್ಕ ಹೆಮ್ಮೆಯಿಂದ ಹೇಳುತ್ತಾಳಲ್ಲ ಎಂದುಕೊಂಡಳು ಹುಡುಗಿ. ಅವಳು ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದಳು. ಆ ಮಾತನ್ನು ಮತ್ತೆ ಎತ್ತಲಿಲ್ಲ. ಮದುವೆಯಾಗಿ ಹೋದಾಗಲೂ ಎತ್ತಲಿಲ್ಲ, ಗಂಡ ತೀರಿಕೊಂಡು ಅದೇ ಅಕ್ಕನ ಮನೆಗೆ ಒಂದು ಪೆಟ್ಟಿಗೆ ಹಿಡಿದು ವಾಪಸು ಬಂದಾಗಲೂ ಎತ್ತಲಿಲ್ಲ. ಅಕ್ಕ ಬಾಗಿಲು ತೆಗೆದು "ಬಂದ್ಯಾ ಸಾಕು" ಎಂದಿದ್ದಳು. ಅವತ್ತೂ ಆ ಹೆಸರು ಚುಚ್ಚಿತ್ತು.

ಶುಕ್ರವಾರ, ಶನಿವಾರ ಗಿರಾಕಿ ಇಲ್ಲದಾಗಲೆಲ್ಲ ಅವಳು ಹೆಸರಿನ ಪಟ್ಟಿಯನ್ನು ಕೆಳಕ್ಕೆ ಎಳೆಯುತ್ತ ಕೂತಳು. ಬೇರೆಯವರ ಹೆಸರು ಹುಡುಕುವಾಗ ಓಡುವ ಕಣ್ಣು ತನಗೆಂದು ಹುಡುಕುವಾಗ ಅಲ್ಲಲ್ಲೇ ಎಡವುತ್ತಿತ್ತು. ರಾಜಕುಮಾರಿ ಎಂದು ಹಾಕಿಕೊಂಡರೆ ಬೀಗದವನು ನಕ್ಕು ಸಾಯುತ್ತಾನೆ. ಬೆಳದಿಂಗಳು ಈ ವಯಸ್ಸಿಗೆ ಅತಿಯಾಯಿತು. ಬದುಕುವವಳು ಪರವಾಗಿಲ್ಲ, ಆದರೆ ಅದೇನು ಅವಳ ಸಾಧನೆಯಲ್ಲ, ಸಾಯುವುದಕ್ಕೆ ಪುರಸೊತ್ತು ಸಿಕ್ಕಿಲ್ಲ ಅಷ್ಟೇ.

ಹಾಗೆ ಎಳೆಯುತ್ತಿದ್ದಾಗ ಒಂದು ಕಡೆ ಬೆರಳು ನಿಂತಿತು. ಯೆತೆರ್. ತುರ್ಕಿ ಮೂಲ. ಅರ್ಥ: ಸಾಕು. ಹೆಣ್ಣುಮಕ್ಕಳ ಮೇಲೆ ಹೆಣ್ಣುಮಕ್ಕಳು ಹುಟ್ಟಿದಾಗ ಇಡುತ್ತಿದ್ದ ಹೆಸರು ಎಂದು ಕೆಳಗೆ ವಿವರಣೆ.

ಅವಳು ಪರದೆಯನ್ನು ಬಹಳ ಹೊತ್ತು ನೋಡಿದಳು. ಮೇಲೆ ರೈಲು ಹೋಯಿತು, ಕಪ್ಪುಗಳು ಸದ್ದು ಮಾಡಿದವು. ಅಂದರೆ ಇದು ತಮ್ಮ ಮನೆಯೊಂದರ ಸಂಗತಿಯಲ್ಲ. ಕಾಣದ ದೇಶದಲ್ಲೂ ಒಬ್ಬಳು ಊಟದ ಹೊತ್ತಿಗೆ ತಪ್ಪಾಗಿ ಓಡಿಬಂದು ಬಾಗಿಲಲ್ಲಿ ನಿಂತಿದ್ದಾಳು. ಹಾಗೆಂದುಕೊಂಡರೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ, ಸುಸ್ತಾಯಿತು. ಇಷ್ಟು ದೊಡ್ಡ ಲೋಕ, ಇಷ್ಟೊಂದು ಭಾಷೆ, ಎಲ್ಲ ಕಡೆ ಇದೇ ಹಾಡು ಎಂದು ಅವಳಿಗೆ ಅಳು ಬಂದ ಹಾಗಾಯಿತು. ಪಟ್ಟಿಯನ್ನು ಮೇಲಕ್ಕೆ ಎಳೆದು, ಕಣ್ಣಿಗೆ ಮೊದಲು ಬಿದ್ದ ಸಭ್ಯವಾದ ಹೆಸರನ್ನು ಆರಿಸಿಕೊಂಡಳು. ಐರಿನ್, ಶಾಂತಿ, ಗ್ರೀಕ್ ಮೂಲ. ಬ್ಯಾಡ್ಜು ಮಾಡಿ, ಬಿಸಿ ಆರಿದ ಮೇಲೆ ಚೀಲಕ್ಕೆ ಹಾಕಿಕೊಂಡು ಮನೆಗೆ ಹೊರಟಳು.

ಭಾನುವಾರ ಬೆಳಿಗ್ಗೆ ಅಕ್ಕನಿಗೆ ಸ್ನಾನ ಮಾಡಿಸಿ, ದಿಂಬಿಗೆ ಒರಗಿಸಿ ಕೂರಿಸಿದಳು. ಕಿಟಕಿಯಿಂದ ಬಿಸಿಲು ಹೊದಿಕೆಯ ಮೇಲೆ ಬಿದ್ದಿತ್ತು. ಗಂಜಿ ಆರಲೆಂದು ಪಕ್ಕಕ್ಕಿಟ್ಟು, ಬ್ಯಾಡ್ಜು ತೆಗೆದು ತನ್ನ ಎದೆಗೆ ಚುಚ್ಚಿಕೊಂಡು ತೋರಿಸಿದಳು.

"ನಾಳೆಯಿಂದ ಅಂಗಡೀಲಿ ನನ್ನ ಹೆಸರು ಇದು."

ಅಕ್ಕನಿಗೆ ಓದು ಇನ್ನೂ ಇತ್ತು, ನಿಧಾನ. ಎಡಗೈ ಬೆರಳಿನಿಂದ ಅಕ್ಷರ ಅಕ್ಷರ ಮುಟ್ಟಿದಳು. ತಲೆ ಅಲ್ಲಾಡಿಸಿದಳು. "ಸಾಕು," ಅಂದಳು.

"ಅಲ್ಲ. ಐರಿನ್."

"ಸಾಕು." ಈ ಸಲ ದನಿ ಏರಿತು. ಬೆರಳಿನಿಂದ ತಂಗಿಯ ಎದೆಯನ್ನು, ಬ್ಯಾಡ್ಜಿನ ಪಕ್ಕದಲ್ಲಿ, ಕುಟ್ಟಿದಳು. "ಸಾಕು. ಅಮ್ಮ. ಸಾಕು."

ಇವಳ ತಾಳ್ಮೆ ಅಲ್ಲಿಗೆ ಮುಗಿಯಿತು. ತಿಂಗಳುಗಟ್ಟಲೆ ನಿದ್ದೆಗೆಟ್ಟ ಮೈ, ಹಿಡಿದುಕೊಂಡ ಬೆನ್ನು, ಶಾಲೆಯ ಆ ಬೆಂಚು, ಎಲ್ಲ ಒಟ್ಟಿಗೆ ಬಾಯಿಗೆ ಬಂದವು. "ಹೌದು ಅಕ್ಕಾ, ಅಮ್ಮನೇ ಅಂದಿದ್ದು, ಗೊತ್ತಿದೆ. ಹುಟ್ಟಿದ ಕೂಸಿನ ಮುಖ ನೋಡಿ ಇನ್ನು ಬೇಡ ಅಂದು ಹೋದ್ಲು. ಆ ಬೇಡವನ್ನೇ ಹೆಸರು ಮಾಡಿ ನನ್ನ ಕೊರಳಿಗೆ ಕಟ್ಟಿದ್ರಿ. ಜೀವಮಾನ ಪೂರ್ತಿ ಯಾರು ಕರೆದ್ರೂ ನನಗೆ ಬೇಡ ಬೇಡ ಅಂತಾನೇ ಕೇಳಿಸಿದ್ದು. ನೀನು ಕರೆದ್ರೂನೂ. ನನಗೂ ಸಾಕಾಗಿದೆ. ಇನ್ನಾದರೂ ಬಿಟ್ಟುಬಿಡು."

ಹೇಳಿದ ಮೇಲೆ ಅವಳಿಗೆ ನಾಚಿಕೆಯಾಯಿತು. ಮಾತಿಲ್ಲದವಳ ಎದುರು ಇಷ್ಟು ಮಾತಾಡಿದೆನಲ್ಲ ಎಂದು ಗಂಜಿಯ ಬಟ್ಟಲು ಎತ್ತಿಕೊಂಡಳು.

ಅಕ್ಕನ ಮುಖದ ನೆಟ್ಟಗಿದ್ದ ಅರ್ಧದಲ್ಲಿ ಸಿಟ್ಟಿರಲಿಲ್ಲ, ಗೊಂದಲವಿತ್ತು. ಎದುರಿಗಿರುವವರು ಇದ್ದಕ್ಕಿದ್ದಂತೆ ಗೊತ್ತಿಲ್ಲದ ಭಾಷೆಯಲ್ಲಿ ಮಾತಾಡಿದರೆ ಹೇಗೆ ನೋಡುತ್ತೇವೋ ಹಾಗೆ ನೋಡುತ್ತಿದ್ದಳು. ತುಟಿ ಅಲುಗಿತು, ಪದ ಬರಲಿಲ್ಲ. ಎಡಗೈಯನ್ನು ಎತ್ತಿ ಈ ಸಲ ತನ್ನ ಎದೆಯನ್ನೇ ಕುಟ್ಟಿಕೊಂಡಳು.

"ನನಗೆ," ಅಂದಳು.

"ನೋವಾ?"

ಇಲ್ಲವೆಂದು ತಲೆ ಅಲ್ಲಾಡಿಸಿದಳು. ಮತ್ತೆ ಕುಟ್ಟಿಕೊಂಡಳು. "ಅಮ್ಮ. ನನಗೆ. ಅಂದ್ಲು." ಒಂದೊಂದು ಪದಕ್ಕೂ ಬಾವಿಯಿಂದ ಕೊಡ ಎಳೆದ ಹಾಗೆ ಉಸಿರು ಎಳೆಯುತ್ತಿದ್ದಳು. "ಸಾಕು. ಅಂದ್ಲು." ಕಣ್ಣಿನಿಂದ ನೀರು ಹರಿದು ಸೊಟ್ಟ ತುಟಿಯ ಮೂಲೆಗೆ ಬಂತು. ಆಮೇಲೆ, ಪಾರ್ಶ್ವವಾಯು ಬಡಿದಂದಿನಿಂದ ಅವಳ ಬಾಯಲ್ಲಿ ಒಮ್ಮೆಯೂ ಬರದಿದ್ದ ಒಂದು ಪದ ಬಂತು.

"ಸಾಕಿದೆ."

ಸಾಕು ಚಮಚ ಹಿಡಿದುಕೊಂಡೇ ಕೂತಳು.

"ಅಮ್ಮ ಅಂದ್ಲು, ಸಾಕು," ಎಂದಳು ಅಕ್ಕ, ಎಲ್ಲ ಪದಗಳೂ ಒಂದು ಗಳಿಗೆ ವಾಪಸು ಬಂದ ಹಾಗೆ. "ನಾನು ಸಾಕಿದೆ."

ನಾಯಿ ಸಾಕುವುದು, ಕೋಳಿ ಸಾಕುವುದು, ಮಕ್ಕಳನ್ನು ಸಾಕಿ ಸಲಹುವುದು, ಈ ಮಾತುಗಳನ್ನು ಸಾಕು ದಿನಾ ಆಡಿದವಳೇ. ದಿನವೆಲ್ಲ ತಿರುಗಾಮುರುಗಾ ಅಕ್ಷರ ಓದುವವಳು, ಲೋಕದ ಹೆಸರುಗಳ ಹೊಟ್ಟೆ ಬಗೆದು ನೋಡುವವಳು, ತನ್ನ ಹೆಸರಿನ ಪಕ್ಕದಲ್ಲಿ ಆ ಮಾತನ್ನು ಒಮ್ಮೆಯೂ ಇಟ್ಟು ನೋಡಿರಲಿಲ್ಲ. ಅಮ್ಮ ಸಾಕು ಅಂದಳು. ಅತ್ತೆ ಹೇಳಿದ್ದೂ ಅದೇ ಮಾತು, ಅಕ್ಕ ಹೇಳಿದ್ದೂ ಅದೇ ಮಾತು. ಯಾರೂ ಸುಳ್ಳು ಹೇಳಿರಲಿಲ್ಲ, ಯಾರೂ ಏನನ್ನೂ ಮುಚ್ಚಿಟ್ಟಿರಲಿಲ್ಲ. ಬಾಗಿಲಲ್ಲಿ ನಿಂತವಳಿಗೆ ಅದು ಒಂದು ಬಗೆಯಾಗಿ ಕೇಳಿಸಿತು, ಕೈ ಹಿಡಿಸಿಕೊಂಡವಳಿಗೆ ಇನ್ನೊಂದು ಬಗೆಯಾಗಿ. ಲಂಗದ ಹುಡುಗಿ ಅದನ್ನು ಅಪ್ಪಣೆ ಎಂದುಕೊಂಡಳು. ಶಾಲೆ ಬಿಟ್ಟಳು, ಒಳ್ಳೆಯ ಗಂಡುಗಳ ಮೂಗು ಉದ್ದ ಮಾಡಿದಳು. ಆ ಮಾತಿಗೆ ಬೇರೆ ಅರ್ಥವಿದೆ ಎಂದು ಅವಳಿಗೆ ಇಷ್ಟು ವರ್ಷವೂ ತೋಚಿರಲಿಲ್ಲ. ತೋಚಿದ್ದರೆ ಅವತ್ತೇ ಇಸ್ತ್ರಿಪೆಟ್ಟಿಗೆ ಬಿಟ್ಟು ತಂಗಿಯ ಹಿಂದೆ ಓಡಿಬರುತ್ತಿದ್ದಳು.

"ಯಾಕೆ ಅಕ್ಕಾ ಹೇಳಲಿಲ್ಲ," ಎಂದು ಕೇಳಿದಳು ಸಾಕು. ಕೇಳುತ್ತಲೇ ಅದು ಎಂಥ ಪ್ರಶ್ನೆ ಎಂದು ಅವಳಿಗೇ ಗೊತ್ತಾಯಿತು. ಅಕ್ಕ ಹೇಳಿದ್ದಳು. ಬಾಗಿಲು ತೆಗೆದಾಗಲೆಲ್ಲ, ಊಟಕ್ಕೆ ಕರೆದಾಗಲೆಲ್ಲ, ಆ ಒಂದು ಮಾತನ್ನೇ ಹೇಳುತ್ತ ಬಂದಿದ್ದಳು.

ಅವಳು ಅಕ್ಕನ ಹೊದಿಕೆಯ ಮೇಲೆ ತಲೆಯಿಟ್ಟು ಅತ್ತಳು. ಸಂತೋಷಕ್ಕೋ ದುಃಖಕ್ಕೋ ಎಂದು ಬೇರೆ ಮಾಡಲಾಗಲಿಲ್ಲ. ಇಷ್ಟು ದಿನ ಹೊತ್ತ ಭಾರ ಸುಳ್ಳೆಂದು ಗೊತ್ತಾದರೂ ಹೊತ್ತ ಹೆಗಲಿನ ನೋವು ನಿಜವೇ ಆಗಿತ್ತು. ಅಕ್ಕನ ಎಡಗೈ ಬಂದು ಅವಳ ಕೂದಲಿನಲ್ಲಿ ಆಡಿತು, ಆಮೇಲೆ ಕೆಳಗಿಳಿದು ಬ್ಯಾಡ್ಜಿನ ಪಿನ್ನು ಹುಡುಕಿ ಕೀಳಲು ನೋಡಿತು. ಒಂದೇ ಕೈಯಲ್ಲಿ ಆಗಲಿಲ್ಲ. ಸಾಕು ತಾನೇ ಕಿತ್ತುಕೊಟ್ಟಳು.

ಸೋಮವಾರ ಅಂಗಡಿಯಲ್ಲಿ ಹೊಸ ಬ್ಯಾಡ್ಜು ಹೊಡೆದಳು. ಯಜಮಾನ ಹಿಂದೆ ನಿಂತು ಪರದೆ ನೋಡಿದ.

"ಸಾಕು. ಅರ್ಥ: ಬೆಳೆಸು." ಅವನು ಓದಿ ತಲೆ ಕೆರೆದುಕೊಂಡ. "ಇದೇನು ಮೇಡಂ, ಅಪ್ಪಣೆ ಕೊಟ್ಟ ಹಾಗಿದೆ?"

"ಅಪ್ಪಣೆನೇ ಸಾರ್. ನಮ್ಮಮ್ಮ ನಮ್ಮಕ್ಕನಿಗೆ ಕೊಟ್ಟಿದ್ದು."

"ಬೆಳೆಸುವವಳು ಅಂತ ಮಾಡೋಣ್ವಾ? ಸ್ವಲ್ಪ ಪಾಲಿಶ್ ಆಗತ್ತೆ."

"ಬೇಡ ಸಾರ್. ಬೆಳೆಸಿದವಳು ಮನೇಲಿ ಮಲಗಿದಾಳೆ."

ಯಜಮಾನ ಪರದೆಯ ಖಾಲಿ ಸಾಲಿಗೆ ಬೆರಳಿಟ್ಟ. ಮೆಲ್ಲಗೆ, "ಮೂಲ ಬಿಟ್ಟಿದೀರಿ," ಅಂದ. ಸಾಕು ಆ ಜಾಗದಲ್ಲಿ "ಅಮ್ಮ" ಎಂದು ಹೊಡೆದು, ತಿರುಗಾಮುರುಗಾ ಮುದ್ರಿಸಿ, ಪ್ರೆಸ್ಸಿಗೆ ಕೊಟ್ಟಳು.

ಸಂಜೆ ಮನೆಗೆ ಬಂದಾಗ ಕಾಲುಗಳು ಎಂದಿನಂತೆ ಯಾರದೋ ಆಗಿದ್ದವು. ಟೈಲರಮ್ಮ ಹೊಲಿಗೆ ಮಡಚಿಕೊಂಡು ಎದ್ದಳು. ಹಾಸು ಮತ್ತೆ ಒದ್ದೆಯಾಗಿತ್ತು. ಬದಲಿಸಿದ್ದಾಯಿತು, ಮೈ ಒರೆಸಿದ್ದಾಯಿತು, ಗಂಜಿ ಬಿಸಿಯಾಯಿತು. ಬೆನ್ನು ಹಿಡಿದುಕೊಂಡೇ ಇತ್ತು, ಅದಕ್ಕೆ ಹೆಸರಿನ ಅರ್ಥ ಬದಲಾದದ್ದು ಗೊತ್ತಿರಲಿಲ್ಲ. ಅಕ್ಕ ಬ್ಯಾಡ್ಜಿನ ಮೇಲೆ ಬೆರಳಾಡಿಸಿ, ಕೊನೆಯ ಸಾಲಿಗೆ ಬಂದು, ಅರ್ಧ ಮುಖದಲ್ಲಿ ನಕ್ಕಳು.

ಮೂರನೆಯ ಚಮಚಕ್ಕೆ ಅವಳು "ಸಾಕು" ಅಂದಳು.

ಕರೆದ್ಯೋ, ಬೇಡ ಅಂದ್ಯೋ ಎಂದು ತಂಗಿ ಕೇಳಲಿಲ್ಲ.

"ಸಾಕ್ತೀನಿ ಅಕ್ಕಾ," ಅಂದು ನಾಲ್ಕನೆಯ ಚಮಚ ತುಂಬಿದಳು. ಅಕ್ಕ ಬಾಯಿ ತೆರೆದಳು.